ಹುಳದ ವಂಶ ಬರೆಯುವವಳ ಪಾಡು

ಚಾಮರಾಜನಗರದ ನಮ್ಮ ಲ್ಯಾಬಿನಲ್ಲಿ ನನಗೆ ವಾರಕ್ಕೊಂದು ಸೂತಕ. ನಾನು ಕಾಯಲು ಕೂತದ್ದೆಲ್ಲ ಸಾಯುತ್ತದೆ, ಕೇಳಿದವರು ನಗುತ್ತಾರೆ. ನನ್ನ ಕೆಲಸ ಇಷ್ಟೇ: ಗಾಜಿನ ಹಾಗೆ ಮೈಯೊಳಗೆಲ್ಲ ಕಾಣುವ ಒಂದು ಪುಟಾಣಿ ಹುಳ. ಅದರ ಮೊಟ್ಟೆಯೊಳಗೆ ಒಂದು ಜೀವಕೋಶ ಎರಡಾಗಿ, ಎರಡು ನಾಲ್ಕಾಗಿ, ಯಾವುದರ ಮಗಳು ಕರುಳಾದಳು, ಯಾವುದರ ಮಗಳು ಚರ್ಮವಾದಳು ಅಂತ ಮೈಕ್ರೋಸ್ಕೋಪಿನಲ್ಲಿ ನೋಡಿ ವಂಶ ಬರೆಯಬೇಕು. ಮೊದಲ ಕೋಶದಿಂದ ಮರಿ ಹೊರಬರುವವರೆಗೆ ಒಂದೇ ಒಂದು ಮೊಟ್ಟೆಯ ಇಡೀ ವಿಡಿಯೊ ಸಿಕ್ಕಿದ್ದರೆ ನನ್ನ ಪಿಎಚ್‌.ಡಿ. ಆಗುತ್ತಿತ್ತು. ದಸರಾ ಮುಗಿಯುವುದರೊಳಗೆ ಸಿಗದಿದ್ದರೆ ಮನೆಗೆ ನಡಿ ಅಂತ ಗೈಡ್ ಹೇಳಿಬಿಟ್ಟಿದ್ದರು.

ಮಾವನ ಕೋಸು

ಗುಂಡ್ಲುಪೇಟೆಯ ನಮ್ಮ ಮನೆಗೆ ಹೋದಾಗ ಸೋದರಮಾವ ತೂತುಬಿದ್ದ ಕೋಸು ತಂದು ಮುಂದಿಟ್ಟರು.

"ಹುಳದ ಡಾಕ್ಟ್ರಲ್ವಾ ನೀನು? ಇದುಕ್ಕೆ ಯಾವ ಔಸ್ದಿ ಒಡೀಬೇಕು ಹೇಳು."

"ನಾನು ಸಾಯ್ಸೋಳಲ್ಲ ಮಾವ, ಸಾಕೋಳು. ಅದೂ ಆಯ್ತಿಲ್ಲ. ಎಷ್ಟು ಜೋಪಾನ ಮಾಡಿದ್ರೂ ಅರ್ಧಕ್ಕೇ ಸತ್ತೋಯ್ತವೆ."

ಮಾವನ ಮುಖ ಅರಳಿತು. "ಅಂಗಾರೆ ನಾಳಿಂದ ನಮ್ಮೊಲಕ್ಕೆ ಬಂದು ಜೋಪಾನ ಮಾಡು ಕಣಮ್ಮಿ!"

ಹೆಳವನ ರಾಗಿ

ಮನೆಮನೆಗೆ ಬಂದು ಅವರವರ ವಂಶ ಹೇಳಿ ಕಾಳು ಪಡೆಯುವ ಹೆಳವ ಅವತ್ತೇ ಬಂದ. ಅವ್ವ ಮೊರದಲ್ಲಿ ರಾಗಿ ತಂದು ಸುರಿದು, "ನನ್ ಮಗಳ್ದೂ ನಿಂದೇ ಕಸುಬು ಕಣಪ್ಪ" ಅಂದಳು.

"ಯಾವ ಮನೆತನದ್ದವ್ವ?" ಅಂತ ನನ್ನ ಕೇಳಿದ.

"ಒಂದು ಹುಳದ್ದು. ಹುಟ್ಟಿದ ಗಳಿಗೇಲೇ ಸಾಯೋ ಕೋಶಗಳೂ ಅವೆ, ಅವನ್ನೂ ಬರೀತೀನಿ."

ಅವನು ಹೆಗಲ ಚೀಲ ಕೆಳಗಿಳಿಸಿದ. "ಆ ಹುಳ ನಿಮ್ಗೇನು ಕೊಡ್ತದೆ?"

"ಏನೂ ಇಲ್ಲ."

ಪಾಪ, ಚೀಲ ಬಿಚ್ಚಿ ಅರ್ಧ ರಾಗಿ ಮೊರಕ್ಕೆ ವಾಪಸ್ ಸುರಿದ. "ಮಡೀಕಳಿ" ಅಂದ.

ಆಯುಧಪೂಜೆ

ಆಯುಧಪೂಜೆಯ ದಿನ ನನ್ನ ಕೊನೆಯ ಮೊಟ್ಟೆ. ಬೆಳಗ್ಗೆಯಿಂದ ಕದಲದೆ ನೋಡುತ್ತಿದ್ದೆ. ಎರಡು ತುತ್ತು ತಿಂದು ಬರುವಷ್ಟರಲ್ಲಿ ಕುದೇರು ಊರಿನ ನಮ್ಮ ಲ್ಯಾಬ್ ಅಟೆಂಡರ್ ಎಲ್ಲಾ ಸ್ವಿಚ್ಚು ಆರಿಸಿ, ಮೈಕ್ರೋಸ್ಕೋಪಿಗೆ ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿ, ಕ್ಯಾಮೆರಾ ನೆತ್ತಿಗೆ ನಿಂಬೆಹಣ್ಣು ಇಟ್ಟಿದ್ದ.

"ಅಯ್ಯಯ್ಯೋ, ಯಾಕಣ್ಣಾ ಆಫ್ ಮಾಡ್ಬುಟ್ರಿ!"

"ಪೂಜೆ ಆದ್ಮೇಲೆ ನಾಳೆಗಂಟ ಆಯುಧ ಮುಟ್ಟಂಗಿಲ್ಲ ಮೇಡಂ. ಇವತ್ತು ಅದುಕ್ಕೂ ರಜ."

ಅಲ್ಲೇ ಕೂತು ಅತ್ತೆ. ವಿಡಿಯೊ ಅರ್ಧಕ್ಕೆ ನಿಂತಿತ್ತು, ನನ್ನ ಪಿಎಚ್‌.ಡಿ.ಯೂ ಅಲ್ಲಿಗೆ ಮುಗಿಯಿತು. ಮಾರನೆಯ ದಿನ ಎಲ್ಲಾ ತೊಳೆದಿಟ್ಟು ಊರಿಗೆ ಹೋಗೋಣ ಅಂತ ಸುಮ್ಮನೆ ಬಗ್ಗಿ ನೋಡಿದರೆ, ಮೊಟ್ಟೆ ಒಡೆದು ಮರಿ ನುಲಿದಾಡುತ್ತಿದೆ! ಇಷ್ಟು ದಿನಕ್ಕೆ ಹುಟ್ಟಿದ ಒಂದೇ ಮರಿ. ಅದು ಹೇಗೆ ಹುಟ್ಟಿತು ಅಂತ ಕಂಡವರು ಮಾತ್ರ ಯಾರೂ ಇಲ್ಲ.

ಅಟೆಂಡರೂ ಬಗ್ಗಿ ನೋಡಿದ. ಆಮೇಲೆ ಬಲು ಮೆಲ್ಲಗೆ ಅಂದ:

"ಬೇಜಾರ್ ಮಾಡ್ಕಬ್ಯಾಡಿ ಮೇಡಂ. ಬೆಳಗಿಂದ ಸಂಜೆಗಂಟ ನೀವು ಅಂಗೆ ಕಣ್ ಬುಟ್ಕಂಡು ಕುಂತ್ರೆ ಮಗೀಗೆ ದೃಷ್ಟಿ ಆಗಕಿಲ್ವಾ? ಇನ್ಮೇಲೆ ನೀವು ನೋಡ್ಬ್ಯಾಡಿ, ಎಲ್ಲಾ ಸಲೀಸಾಗಿ ಉಟ್ತವೆ."