ಹಿಂದಿನ ಇಂಜಿನ್ನಿನವನ ಹೊಟ್ಟೆಕಿಚ್ಚು

ರೈಲ್ವೆಯಿಂದ ರಿಟೈರ್ ಆಗಿ ತುಮಕೂರಿನಲ್ಲಿ ಆರಾಮಾಗಿದ್ದೇನೆ. ಆದರೆ ನಾನು ಕಷ್ಟಪಡುವುದು, ಇನ್ನೊಬ್ಬ ಶಭಾಷ್ ಅನ್ನಿಸಿಕೊಳ್ಳುವುದು ಮಾತ್ರ ಇನ್ನೂ ನಿಂತಿಲ್ಲ. ಆ ಇನ್ನೊಬ್ಬ ಯಾವಾಗಲೂ ನನ್ನ ಗುಬ್ಬಿಯ ಸ್ನೇಹಿತನೇ. ಸ್ಟೀಮ್ ಇಂಜಿನ್ ಕಾಲದಲ್ಲಿ ಘಾಟಿ ಹತ್ತುವ ಗಾಡಿಗೆ ಎರಡು ಇಂಜಿನ್ ಹಾಕುತ್ತಿದ್ದರು. ಮುಂದೆ ಎಳೆಯುವುದರಲ್ಲಿ ಅವನು ಡ್ರೈವರ್, ಹಿಂದೆ ತಳ್ಳುವುದರಲ್ಲಿ ನಾನು.

೧. ಬಾಳೆಹಣ್ಣು

ಏರು ಮುಗಿದ ಸ್ಟೇಷನ್ನಿನಲ್ಲಿ ಜನ ಇಳಿದು ಮುಂದಿನ ಇಂಜಿನ್ನಿಗೆ ಕೈಮುಗಿಯುತ್ತಿದ್ದರು. ಒಂದು ಸಲ ಅಜ್ಜಿಯೊಬ್ಬರು ಅವನಿಗೆ ಬಾಳೆಹಣ್ಣಿನ ಚಿಪ್ಪು ಕೊಡುವುದು ಕಂಡು ನನಗೆ ಹೊಟ್ಟೆ ಉರಿದುಹೋಯಿತು. ಮಸಿ ಮುಖದಲ್ಲೇ ಗಾಡಿಯುದ್ದಕ್ಕೂ ನಡೆದು ಹೋಗಿ, "ಅಜ್ಜಿ, ಹಿಂದೆ ಇನ್ನೊಂದು ಇಂಜಿನ್ ಐತೆ, ಅದರ ಡ್ರೈವರ್ ನಾನು" ಅಂದೆ.

ಅಜ್ಜಿ ಬಗ್ಗಿ ನೋಡಿದರು. "ಅಯ್ಯೋ ಪಾಪ, ಕೆಟ್ಟೋಗೈತಾ? ಅದನ್ನೂ ಈವಪ್ಪನೇ ಎಳ್ಕಂಡ್ ಬಂದ್ನಾ?" ಎಂದು ಅವನಿಗೆ ಇನ್ನೊಂದು ಚಿಪ್ಪು ಕೊಟ್ಟರು.

೨. ನನ್ನವಳ ತೀರ್ಪು

ತಳ್ಳುವುದು ಎಳೆದಷ್ಟು ಸುಲಭವಲ್ಲ. ದಾರಿಯೇ ಕಾಣುವುದಿಲ್ಲ, ಕಾಣುವುದು ಕೊನೆಯ ಡಬ್ಬಿಯ ಬೆನ್ನು ಮಾತ್ರ. ಏರು ಬರುವ ಮೊದಲೇ ಬೆಂಕಿ ಹದವಾಗಿರಬೇಕು. ಉಗಿಯನ್ನು ಒಮ್ಮೆಲೇ ಬಿಟ್ಟರೆ ಚಕ್ರ ನಿಂತಲ್ಲೇ ಗಿರ್ರನೆ ಸುತ್ತುತ್ತದೆ. ಚಕ್ರ ಜಾರದ ಹಾಗೆ ಹಳಿಗೆ ಮರಳು ಉದುರಿಸಿಕೊಂಡು, ಮುಂದಿನವನು ಎಷ್ಟು ಎಳೆಯುತ್ತಿದ್ದಾನೆ ಅನ್ನುವುದನ್ನು ಕಾಲಡಿಯ ನಡುಕದಲ್ಲೇ ತಿಳಿದು ಅಷ್ಟಷ್ಟೇ ಬಿಡಬೇಕು.

ಇದು ನನ್ನ ಹೆಂಡತಿಗಾದರೂ ಗೊತ್ತಾಗಲಿ ಎಂದು ಒಂದು ದಿನ ಅವಳನ್ನು ಕೊನೆಯ ಡಬ್ಬಿಯಲ್ಲಿ, ನನ್ನ ಇಂಜಿನ್ ಮುಂದೆಯೇ ಕೂರಿಸಿದೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ತಳ್ಳಿರಲಿಲ್ಲ. ಮೇಲೆ ಬಂದ ಮೇಲೆ ಕೇಳಿದೆ, "ಹೆಂಗಿತ್ತೇ?"

"ನಿಮ್ ಗುಬ್ಬಿ ಫ್ರೆಂಡು ಬಹಳ ಚೆನ್ನಾಗಿ ಓಡಿಸ್ತಾರೆ ಕಣ್ರೀ. ಹಿಂದಿಂದ ಯಾರೋ ಗುದ್ತಾನೇ ಇದ್ರು, ಅದೊಂದೇ ತೊಂದ್ರೆ."

೩. ಸನ್ಮಾನ

ಹೋದ ತಿಂಗಳು ಗುಬ್ಬಿಯ ಕಲ್ಯಾಣ ಮಂಟಪದಲ್ಲಿ ಅವನಿಗೆ ಸನ್ಮಾನ. 'ಘಾಟಿ ಗೆದ್ದ ಧೀರ' ಅಂತ ಬ್ಯಾನರ್ ಬೇರೆ. ಹೊಟ್ಟೆಕಿಚ್ಚಿಗೆ ನನಗೆ ಕೇಸರಿಬಾತೂ ಸೇರಲಿಲ್ಲ. ಆದರೆ ಹಿಂದಿನ ದಿನ ಅವನೇ ಫೋನ್ ಮಾಡಿ, "ನೀನು ತಳ್ಳಿದ್ದನ್ನ ಮೈಕಲ್ಲೇ ಹೇಳ್ತೀನಿ ಬಾರ್ಲಾ" ಅಂದಿದ್ದ. ಅದೊಂದು ಮಾತು ಕೇಳಲಿಕ್ಕೇ ಬಸ್ಸು ಹತ್ತಿದ್ದೆ.

ವೇದಿಕೆಯ ಮೆಟ್ಟಿಲು ಕಡಿದಾಗಿತ್ತು. ಅವನಿಗೆ ಮಂಡಿನೋವು, ಮೈಯೂ ದಪ್ಪ. ಅರ್ಧಕ್ಕೇ ನಿಂತುಬಿಟ್ಟ. ತಿರುಗಿ ನನ್ನನ್ನೇ ಹುಡುಕಿ, "ಹಿಂದಿಂದ ಒಸಿ ತಳ್ಳೋ" ಅಂದ. ಸೊಂಟಕ್ಕೆ ಎರಡೂ ಕೈ ಕೊಟ್ಟು, ಅವನು ಕಾಲೆತ್ತಿದಾಗಲೇ ಒತ್ತಿ ಒತ್ತಿ, ಕುಲುಕದ ಹಾಗೆ ಹತ್ತಿಸಿದೆ. ಕೈಬಿಟ್ಟರೆ ಬೀಳುತ್ತಾನೆಂದು ಮೈಕಿನ ಮುಂದೆಯೂ ಹಾಗೇ ಹಿಡಿದುಕೊಂಡು ನಿಂತೆ. ಅವನ ಬೆನ್ನಿನ ಹಿಂದೆ ನಾನು ಸಭೆಗೆ ಕಾಣುವ ಹಾಗಿರಲಿಲ್ಲ.

ಪುಣ್ಯಾತ್ಮ ಮಾತಿಗೆ ತಪ್ಪಲಿಲ್ಲ. ಏದುಸಿರು ಬಿಡುತ್ತಲೇ, ಕಣ್ಣಲ್ಲಿ ನೀರು ತುಂಬಿಕೊಂಡು ಶುರು ಮಾಡಿದ. "ನಾನೇನೂ ಮಾಡ್ಲಿಲ್ಲ ಕಣ್ರಪ್ಪಾ. ನನ್ನ ಹಿಂದೆ ಒಬ್ಬ ಅವ್ನೆ. ನಿಮಗ್ಯಾರಿಗೂ ಕಾಣಲ್ಲ. ಎಲ್ಲಾ ಏರೂ ಅವ್ನೇ ಹತ್ತಿಸಿದ್ದು..." ಅಷ್ಟರಲ್ಲಿ ಉಸಿರು ಸಿಕ್ಕಿಕೊಂಡಿತು.

ಕಾರ್ಯಕ್ರಮ ನಡೆಸುತ್ತಿದ್ದವರು ಅಷ್ಟು ಹೊತ್ತೂ ಹಾಳೆಯಲ್ಲಿ ಮುಖ ಹುದುಗಿಸಿದ್ದರು. ತಕ್ಷಣ ಮೈಕ್ ತಗೊಂಡು, "ನೋಡಿ, ಎಂಥ ದೈವಭಕ್ತಿ. ಎಲ್ಲರೂ ಒಮ್ಮೆ ಎದ್ದು ಭಗವಂತನಿಗೆ ಕೈಮುಗಿಯೋಣ" ಅಂದರು.

ಇಡೀ ಸಭೆ ಎದ್ದು ಕೈಮುಗಿಯಿತು. ಇಷ್ಟು ವರ್ಷ ನನ್ನ ಹೊಟ್ಟೆಕಿಚ್ಚು ಅವನೊಬ್ಬನ ಮೇಲಿತ್ತು. ಈಗ ದೇವರ ಮೇಲೂ ಇದೆ.