ಎರಡು ಬಕೆಟ್ ಬಿಸಿನೀರು

ಅಂದು ಬೆಳಿಗ್ಗೆ ಹಾಸ್ಟೆಲಿನಲ್ಲಿ ಸ್ನಾನದ ನೀರು ಬಿಸಿಯಾಗಿದ್ದೇ ಎಲ್ಲ ಅನಾಹುತಕ್ಕೂ ಮೂಲ.

ಯುದ್ಧ ಶುರುವಾದ ಮೇಲೆ ಆ ಶಾಲೆಯಲ್ಲಿ ಬಿಸಿನೀರು ಕಂಡವರೇ ಇರಲಿಲ್ಲ. ಕಲ್ಲಿದ್ದಲು ಸೈನ್ಯದ ಪಾಲಾಗಿತ್ತು, ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬರುತ್ತಿದ್ದ ಹಸಿ ಕಟ್ಟಿಗೆಯೋ ತಾನು ಉರಿಯುವ ಬದಲು ಅಡಿಗೆಯವನ ಕಣ್ಣು ಉರಿಸುತ್ತಿತ್ತು. ಹುಡುಗರು ಮೂಗಿನ ತುದಿಗೆ ತಣ್ಣೀರು ಮುಟ್ಟಿಸಿಕೊಂಡು ಸ್ನಾನವಾಯಿತೆಂದು ಓಡಿಬರುತ್ತಿದ್ದರು. ಅಂಥದ್ದರಲ್ಲಿ ಹಂಡೆಯಿಂದ ಹಬೆ ಏಳುವುದನ್ನು ಕಂಡು ಇಡೀ ಹಾಸ್ಟೆಲ್ಲೇ ಜೈಕಾರ ಹಾಕಿತು. ಪೀಪಿ ಮೇಷ್ಟ್ರೂ ಎರಡು ಬಕೆಟ್ ತುಂಬಿಸಿಕೊಂಡು, ಬಾಗಿಲು ಹಾಕಿಕೊಂಡು, ಹಾಡು ಗುನುಗುತ್ತ ಸ್ನಾನಕ್ಕೆ ಕೂತರು.

ಪೀಪಿ ಮೇಷ್ಟ್ರು ಎಂದರೆ ಆಟ ಕಲಿಸುವ ಮೇಷ್ಟ್ರು. ಕೊರಳಲ್ಲಿ ಪೀಪಿ ಇಲ್ಲದೆ ಅವರನ್ನು ಕಂಡವರಿಲ್ಲ; ನಿದ್ದೆಯಲ್ಲೂ ಅದನ್ನು ಬಾಯಲ್ಲಿಟ್ಟುಕೊಂಡು ಗೊರಕೆ ಹೊಡೆಯುತ್ತಾರೆಂದು ಹುಡುಗರು ಆಣೆ ಮಾಡಿ ಹೇಳುತ್ತಿದ್ದರು. ಕೆಡೆಟ್ ಹುಡುಗರಿಗೆ ಕವಾಯತು ಕಲಿಸುತ್ತಿದ್ದವರು ಯುದ್ಧಕ್ಕೆ ಹೋದ ಮೇಲೆ ಆ ಕೆಲಸವೂ ಇವರ ತಲೆಗೇ ಬಿದ್ದಿತ್ತು.

ಅವರು ಹಾಡು ಗುನುಗುವುದಕ್ಕೆ ಬಿಸಿನೀರಿಗಿಂತ ದೊಡ್ಡ ಕಾರಣವೂ ಇತ್ತು. ಮೂರು ತಿಂಗಳ ಹಿಂದೆ ಅವರಿಗೆ ಮಗಳು ಹುಟ್ಟಿದ್ದಳು. ಯುದ್ಧದ ನೆಪದಲ್ಲಿ ಎಲ್ಲರ ರಜೆಯೂ ರದ್ದಾಗಿ, ಮಗುವಿನ ಮುಖ ನೋಡುವ ಭಾಗ್ಯವೇ ಬಂದಿರಲಿಲ್ಲ. ಸಾಲದ್ದಕ್ಕೆ ಹೆಂಡತಿಯ ತಮ್ಮ, ‘ಮಗುವಿಗೆ ನನ್ನದೇ ಮೂಗು’ ಎಂದು ಊರೆಲ್ಲ ಸಾರಿಕೊಂಡು ಬರುತ್ತಿದ್ದನಂತೆ. ಆ ಮೂಗು ನೆನೆದರೆ ಮೇಷ್ಟ್ರಿಗೆ ಅನ್ನ ಸೇರುತ್ತಿರಲಿಲ್ಲ. ಕೊನೆಗೆ ಹೆಡ್‌ಮಾಸ್ತರು ಮನಸ್ಸು ಮಾಡಿದ್ದರು. "ಮಧ್ಯಾಹ್ನ ಮೇಜರ್ ಸಾಹೇಬರು ಕವಾಯತು ನೋಡೋಕೆ ಬರ್ತಾರೆ. ಅದು ಮುಗೀತಿದ್ದ ಹಾಗೆ ಪಕ್ಕದ ಶಾಲೆ ಜೊತೆ ಹಾಕಿ ಫೈನಲ್. ಅವರು ಭೇಷ್ ಅನ್ನಬೇಕು, ಕಪ್ಪು ನಮ್ಮ ಬೀರು ಬಿಟ್ಟು ಹೋಗಬಾರದು. ಎರಡೂ ಆದ್ರೆ ನಾಳೆ ರೈಲಿಗೇ ಹೊರಡಿ, ಹತ್ತು ದಿನ ರಜ."

ಮೇಷ್ಟ್ರು ತಲೆ ಒರೆಸಿಕೊಳ್ಳುತ್ತ ಅಡಿಗೆಮನೆಗೆ ಇಣುಕಿದರು. "ಏನಣ್ಣಾ, ಇವತ್ತು ನೀರು ಕೊತಕೊತ ಅಂತಿದೆ? ಎಲ್ಲಿ ಸಿಕ್ತು ಅಂಥಾ ಕಟ್ಟಿಗೆ?"

ಎಲ್ಲರೂ ಅಣ್ಣ ಎಂದೇ ಕರೆಯುವ ಅಡಿಗೆಯವನು ಹಲ್ಲು ಕಿಸಿದ. "ಯಾರೋ ಪುಣ್ಯಾತ್ಮರು ಕಟ್ಟಿಗೆ ಮನೇಲಿ ಜೋಡಿಸಿಟ್ಟು ಹೋಗಿದ್ರು ಮೇಷ್ಟ್ರೇ. ಒಣಗಿದ ಮರ ಅಂದ್ರೆ ಮರ! ಎಲ್ಲಾ ಒಂದೇ ಅಳತೆ. ಮುಟ್ಟಿದ್ರೆ ನುಣ್ಣಗೆ ಬೆಣ್ಣೆ ಥರ."

ಮೇಷ್ಟ್ರು ತಲೆ ಒರೆಸುವುದನ್ನು ಬಿಟ್ಟು ಒಲೆಯತ್ತ ನುಗ್ಗಿದರು. ನಿಜವಾದ ಬಂದೂಕುಗಳೆಲ್ಲ ಸೈನ್ಯಕ್ಕೆ ಹೋಗಿದ್ದರಿಂದ ಕೆಡೆಟ್ಟುಗಳಿಗೆ ಬಡಗಿ ಮಾಡಿದ ಮರದ ಬಂದೂಕುಗಳೇ ಗತಿಯಾಗಿದ್ದವು. ಆಟದ ಕೋಣೆಯನ್ನು ಬೆಂಕಿ ಆರಿಸುವ ಮರಳಿನ ಬಕೆಟ್ಟುಗಳು ನುಂಗಿಕೊಂಡಿದ್ದವು. ಅಲ್ಲಿ ಹಾಕಿ ಕೋಲುಗಳಿಗಷ್ಟೇ ಜಾಗ ಉಳಿದು, ಬಂದೂಕುಗಳನ್ನು ನಿನ್ನೆ ಸಂಜೆ ಅವರೇ ತಮ್ಮ ಕೈಯಾರೆ ಕಟ್ಟಿಗೆ ಮನೆಯಲ್ಲಿ ಒಪ್ಪವಾಗಿ ಜೋಡಿಸಿ ಬಂದಿದ್ದರು.

"ಅಣ್ಣಾ, ಅದಕ್ಕೆ ಹೆಗಲಿಗೆ ಹಾಕೋ ಬೆಲ್ಟ್ ಇತ್ತಾ?"

"ಇತ್ತು. ಎಲ್ಲಾ ಬಿಚ್ಚಿಟ್ಟಿದ್ದೀನಿ, ಏನಕ್ಕಾದ್ರೂ ಬರುತ್ತೆ ಅಂತ."

"ಅದು ಬಂದೂಕು ಕಣಯ್ಯಾ! ಬಂದೂಕು!"

"ನನಗೇನು ಗೊತ್ತು? ಬೆಳಗಿನ ಜಾವ ದೀಪ ಹಚ್ಚಿದ್ರೆ ಶತ್ರು ವಿಮಾನ ಬರುತ್ತೆ ಅಂತ ಪೀಪಿ ಊದ್ಕೊಂಡು ಓಡಾಡೋರು ನೀವೇ ಅಲ್ವಾ? ಕತ್ತಲಲ್ಲಿ ಕೈಗೆ ಸಿಕ್ಕಿದ್ದು ಒಲೆಗೆ ಹೋಯ್ತು. ಮೇಜರಿಗೆ ಹಾಗೇ ಹೇಳ್ಬಿಡಿ, ಅಡಿಗೆಯವನು ಸುಟ್ಟ ಅಂತ."

"ಹೇಳಿದ್ರೆ ಮುಗೀತು! ಯುದ್ಧದ ಕಾಲದಲ್ಲಿ ಸೈನ್ಯದ ಸ್ವತ್ತು ಸುಟ್ಟು ಸ್ನಾನ ಮಾಡಿದ್ರು ಅಂತ ಇಬ್ಬರನ್ನೂ ಒಳಗೆ ಹಾಕ್ತಾರೆ," ಎಂದು ಮೇಷ್ಟ್ರು ಬೂದಿ ಕೆದಕಿದರು. ಅರ್ಧ ಬೆಂದ ಒಂದು ಮೊಳೆಯ ಹೊರತು ಏನೂ ಸಿಗಲಿಲ್ಲ.

ಸುದ್ದಿ ಉಪಾಧ್ಯಾಯರ ಕೋಣೆ ತಲುಪಲು ತಡವಾಗಲಿಲ್ಲ. ಸಲಹೆ ಕೊಡುವುದಕ್ಕೆ ಯುದ್ಧಕಾಲದಲ್ಲೂ ಬರವಿರಲಿಲ್ಲ.

"ಬಂದೂಕು ಇಲ್ದೇ ಹೋದ್ರೆ ಏನಾಯ್ತ್ರೀ?" ಎಂದರು ಚರಿತ್ರೆ ಮೇಷ್ಟ್ರು. "ಭರ್ಜಿ ಕೊಡಿ! ಆನೆ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

ವಿಜ್ಞಾನದ ಮೇಷ್ಟ್ರು ಗಲ್ಲ ಕೆರೆದುಕೊಂಡರು. "ಹಾಕಿ ಕೋಲು ಇದ್ಯಲ್ಲ? ತಲೆಕೆಳಗು ಹಿಡೀರಿ. ಬಾಗಿರೋ ತುದಿ ಬಂದೂಕಿನ ಬುಡದ ಥರಾನೇ ಕಾಣುತ್ತೆ. ಆ ಬೆಲ್ಟ್ ಕಟ್ಟಿ, ಹರಳೆಣ್ಣೇಲಿ ಮಸಿ ಕಲಸಿ ಬಳೀರಿ. ಮುಗೀತು."

"ಒಣಗೋಕೆ ಎಷ್ಟು ಹೊತ್ತು ಬೇಕು?" ಎಂದು ಪೀಪಿ ಮೇಷ್ಟ್ರು ಕೇಳಿದರು.

"ಒಣಗುತ್ತೆ ಬಿಡ್ರೀ," ಎಂದರು ವಿಜ್ಞಾನದ ಮೇಷ್ಟ್ರು, ವಿಜ್ಞಾನ ಬಿಟ್ಟು.

ಒಣಗಲಿಲ್ಲ. ಹರಳೆಣ್ಣೆ ಒಣಗುವ ಜಾತಿಯದಲ್ಲ. ಮಧ್ಯಾಹ್ನದ ಹೊತ್ತಿಗೆ ಮಸಿ ಕೋಲಿನಿಂದ ಕೈಗೆ, ಕೈಯಿಂದ ಮೂಗಿಗೆ, ಮೂಗಿನಿಂದ ಪಕ್ಕದವನ ಅಂಗಿಗೆ ಸಲೀಸಾಗಿ ಪ್ರಯಾಣ ಮಾಡಿತು. ಮಿಂಚು ಎಂಬ ಅಡ್ಡಹೆಸರಿನ ಹಾಕಿ ಕ್ಯಾಪ್ಟನ್ ಅಳುಮೋರೆ ಮಾಡಿಕೊಂಡು ಬಂದ. "ಸಾರ್, ಮ್ಯಾಚಿಗೂ ಇದೇ ಕೋಲು ಬೇಕಲ್ಲ? ಬೇರೆ ಇಲ್ಲ."

"ಕವಾಯತು ಮುಗಿದ ತಕ್ಷಣ ನಾನೇ ಒರೆಸಿ ಕೊಡ್ತೀನಪ್ಪ. ಈಗ ಇದು ಬಂದೂಕು. ಬಂದೂಕು ಅಂತಲೇ ಅಂದ್ಕೊಂಡು ಹಿಡ್ಕೋ. ನನ್ನ ಮಗಳ ಮುಖ ನೋಡೋದು ನಿನ್ನ ಕೈಯಲ್ಲಿದೆ."

ಮೇಜರ್ ಸಾಹೇಬರು ಪೆಟ್ರೋಲು ಉಳಿಸಲು ಜೀಪು ಬಿಟ್ಟು, ಪಾಳೆಯಕ್ಕೆ ಸಾಮಾನು ಹೊರುವ ಲಾರಿಯಲ್ಲೇ ಬಂದಿಳಿದರು. ಅವರಿಗೆ ಹಾಕಿದ್ದ ಕುರ್ಚಿಯ ಪಕ್ಕದಲ್ಲಿ ಹೆಡ್‌ಮಾಸ್ತರು ಕೂತರು. ಅವರ ಕನ್ನಡಕದ ಒಂದು ಗಾಜು ಒಡೆದು, ಹೊಸದು ಸಿಗದೆ, ಅವರಿಗೆ ಮೈದಾನವೆಲ್ಲ ಮಂಜಾಗಿ ಕಾಣುತ್ತಿತ್ತು. ಪೀಪಿ ಮೇಷ್ಟ್ರ ಪಾಲಿಗೆ ಅಂದಿನ ಶುಭ ಸಮಾಚಾರ ಅದೊಂದೇ.

ಹುಡುಗರು ಸಾಲಾಗಿ ಹೆಜ್ಜೆ ಹಾಕುತ್ತ ಬಂದರು. ಮೇಜರು ಸಾಲಿನ ಮುಂದೆ ನಡೆದು ಒಬ್ಬನ ಎದುರು ನಿಂತರು. "ಮುಖಕ್ಕೆ ಯಾಕೆ ಮಸಿ?"

ಮೇಷ್ಟ್ರು ಮುಂದೆ ಬಂದು ಸೆಲ್ಯೂಟ್ ಹೊಡೆದರು. "ಕಾಡಲ್ಲಿ ಅಡಗಿಕೊಳ್ಳೋ ಅಭ್ಯಾಸ ಸಾರ್."

"ಭೇಷ್! ಮತ್ತೆ ಇವನಿಗೆ ಬರೀ ಕಿವಿಗೆ?"

"ಅವನು ಬೇಹುಗಾರ ಸಾರ್. ಕಿವಿ ಮಾತ್ರ ಹೊರಗೆ ಹಾಕಿ ಕೇಳಿಸ್ಕೊಳ್ಳೋನು."

ಮೇಜರು ತಲೆದೂಗಿ ಮುಂದೆ ಹೋದರು. ಅಷ್ಟರಲ್ಲಿ ಮೈದಾನದ ಆಚೆ ಬದಿಯಲ್ಲಿ ಮೈ ಬಿಸಿಮಾಡಿಕೊಳ್ಳುತ್ತಿದ್ದ ಪಕ್ಕದ ಶಾಲೆಯವರ ಚೆಂಡು ದಾರಿ ತಪ್ಪಿ ಉರುಳಿಕೊಂಡು ಬಂದು, ಸರಿಯಾಗಿ ಮಿಂಚುವಿನ ಕಾಲ ಬುಡದಲ್ಲಿ ನಿಂತಿತು. ಮಿಂಚು ಒಂದು ಕ್ಷಣ ಒದ್ದಾಡಿದ. ಆಮೇಲೆ ಅವನ ಬಂದೂಕು ತಾನಾಗಿ ತಿರುಗಿತು. ಚೆಂಡು ಸುಂಯ್ ಎಂದು ಹಾರಿ ಮೇಜರ್ ಸಾಹೇಬರ ಟೋಪಿಯನ್ನು ಎತ್ತಿಕೊಂಡು ಹೋಗಿ ಲಾರಿಯ ಮೇಲೆ ಬಿತ್ತು.

ಪೀಪಿ ಮೇಷ್ಟ್ರ ಕಣ್ಣ ಮುಂದೆ ಹೊರಟುಹೋಗುತ್ತಿರುವ ರೈಲೊಂದು ಸುಳಿಯಿತು.

"ಏನಿದು?" ಎಂದು ಮೇಜರು ಗುಡುಗಿದರು.

"ಕೈಬಾಂಬು ಸಾರ್!" ಎಂದರು ಮೇಷ್ಟ್ರು. ಆ ಮಾತು ಎಲ್ಲಿಂದ ಬಂತೆಂದು ಅವರಿಗೇ ತಿಳಿಯದು. "ಶತ್ರು ಕೈಬಾಂಬು ಎಸೆದ್ರೆ, ಅದು ಸಿಡಿಯೋದ್ರೊಳಗೆ ಬಂದೂಕಿನ ಬುಡದಿಂದ ವಾಪಸ್ ಅವನಿಗೇ ಹೊಡೆಯೋ ಅಭ್ಯಾಸ. ನಮ್ಮ ಶಾಲೆದೇ ಹೊಸ ಪಟ್ಟು."

ಮೇಜರು ಬೋಳುತಲೆ ಸವರಿಕೊಂಡರು, ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು. "ಭಲೇ! ಇಷ್ಟು ವರ್ಷ ಸೈನ್ಯದಲ್ಲಿದ್ದೀನಿ, ನನಗೇ ಹೊಳೆದಿರ್ಲಿಲ್ಲ. ಹೆಡ್‌ಮಾಸ್ತರೇ, ಇಂಥ ಮೇಷ್ಟ್ರು ಸಿಗೋಕೆ ಪುಣ್ಯ ಮಾಡಿರ್ಬೇಕು."

ಪೀಪಿ ಮೇಷ್ಟ್ರ ಹೊಟ್ಟೆಯಲ್ಲಿ ಹಾಲು ಹುಯ್ದಂತಾಯಿತು. ಅರ್ಧ ರಜೆ ಕೈಗೆ ಬಂದ ಹಾಗೆ. ಇನ್ನು ಮ್ಯಾಚು; ಮಿಂಚುವಿನ ಈ ಹೊಡೆತ ನೋಡಿದ ಮೇಲೆ ಅದರ ಚಿಂತೆಯೂ ಇರಲಿಲ್ಲ. ಕೋಲು ಒರೆಸಲು ಅವರು ಆಗಲೇ ಜೇಬಿನಿಂದ ಹಳೆ ಬಟ್ಟೆ ತೆಗೆದರು.

"ಇಂಥ ಹುಡುಗರ ಕೈಯಲ್ಲಿ ಇನ್ನು ಮರದ ಬಂದೂಕು ಯಾಕೆ?" ಎಂದರು ಮೇಜರು. "ಸೋಮವಾರ ನಿಜವಾದದ್ದೇ ಕಳಿಸ್ತೀನಿ. ಇವೆಲ್ಲ ಲಾರಿಗೆ ಹಾಕ್ಸಿ. ನಮ್ಮ ಪಾಳೆಯದಲ್ಲಿ ಕಟ್ಟಿಗೆ ಇಲ್ದೇ ಒಲೆ ಹೊಗೆಯಾಡ್ತಾ ಇದೆ. ಎಣ್ಣೆ ಬೇರೆ ಹಚ್ಚಿದ್ದೀರಿ, ಧಗಧಗ ಅಂತ ಉರಿಯುತ್ತೆ."

"ಸಾರ್, ಅದು..." ಮೇಷ್ಟ್ರು ಬಾಯಿ ತೆರೆದರು. ಆದರೆ ಏನೆಂದು ಹೇಳುವುದು? ಕೈಬಾಂಬಿನ ಮಾತು ಇನ್ನೂ ಗಾಳಿಯಲ್ಲೇ ಇತ್ತು.

"ಸಂತೋಷವಾಗಿ ತಗೊಂಡು ಹೋಗಿ ಸಾರ್!" ಎಂದು ಹೆಡ್‌ಮಾಸ್ತರು ಮಂಜಿನತ್ತ ಕೈ ಬೀಸಿದರು.

ಹುಡುಗರು ಒಬ್ಬೊಬ್ಬರಾಗಿ ಬಂದು ಕೋಲು ಒಪ್ಪಿಸಿದರು. ಮಿಂಚು ತನ್ನದನ್ನು ಕೊಡಲು ಎರಡು ಸಲ ಎಳೆದಾಡಿದ. ಲಾರಿ ಹತ್ತಿದ ಮೇಜರು, ಅಲ್ಲಿಗೆ ಚೆಂಡು ಹುಡುಕಿಕೊಂಡು ಬಂದಿದ್ದ ಪಕ್ಕದ ಶಾಲೆಯ ಆಟದ ಮೇಷ್ಟ್ರನ್ನು ಪೀಪಿ ಮೇಷ್ಟ್ರಿಗೆ ತೋರಿಸುತ್ತ ಮತ್ತೆ ನಕ್ಕರು.

"ಇವರ ಶಾಲೇಲಿ ಏನಾಯ್ತು ಗೊತ್ತಾ? ಮರದ ಬಂದೂಕನ್ನೆಲ್ಲ ಅಡಿಗೆಯವನು ಒಲೆಗೆ ಹಾಕ್ಬಿಟ್ಟಿದ್ದಾನೆ. ಈ ಮನುಷ್ಯ ಬಂದು ನೇರವಾಗಿ ಹೇಳಿದ್ರು. ಹೇಗೂ ಸುಡೋದೇ ತಾನೆ? ಬೆನ್ನು ತಟ್ಟಿ, ರಜಾನೂ ಕೊಡ್ಸಿದೆ!"

ಲಾರಿ ಧೂಳೆಬ್ಬಿಸಿಕೊಂಡು ಹೊರಟಿತು.

ಹಾಕಿ ಫೈನಲ್ ನಡೆಯಲಿಲ್ಲ. ಒಂದು ತಂಡದ ಕೈಯಲ್ಲಿ ಕೋಲಿತ್ತು, ಇನ್ನೊಂದು ತಂಡದ ಕೈಯಲ್ಲಿ ಮಸಿಯಿತ್ತು. ಸಾಲ ಕೊಡಲು ಪಕ್ಕದ ಶಾಲೆಯವರಲ್ಲಿ ಹೆಚ್ಚಿನ ಕೋಲುಗಳಿರಲಿಲ್ಲ. ಅವರು ಬೀರುವಿನಿಂದ ಕಪ್ಪು ತೆಗೆದುಕೊಂಡು, ಟೀ ಕುಡಿದು, ವಂದನೆ ಹೇಳಿ ಹೋದರು. ವಿಷಯವೆಲ್ಲ ತಿಳಿದ ಮೇಲೆ ಹೆಡ್‌ಮಾಸ್ತರು ಕನ್ನಡಕ ತೆಗೆದು ಮಡಿಸಿಟ್ಟರು.

"ರಜದ ಮಾತು ಈಗ ಬೇಡ. ಮುಂದಿನ ವರ್ಷ ಇದೇ ಮೈದಾನದಲ್ಲಿ ಮ್ಯಾಚು ಗೆದ್ದು ಕಪ್ಪು ವಾಪಸ್ ತನ್ನಿ. ಅವತ್ತೇ ರೈಲು ಹತ್ತಿಸ್ತೀನಿ."

ಮುಂದಿನ ವರ್ಷ! ಅಷ್ಟರಲ್ಲಿ ಮಗಳು ನಡೆಯಲು ಕಲಿತು, ಸೋದರಮಾವನ ಬೆರಳು ಹಿಡಿದು ತನ್ನ ಮೂಗು ತಾನೇ ತೋರಿಸಿಕೊಂಡು ಓಡಾಡುತ್ತಿರುತ್ತಾಳೆ. ಮೇಷ್ಟ್ರಿಗೆ ಅಳು ಬಂದಿತು. ಆದರೂ ಅವರು ಕಣ್ಣೊರೆಸಿಕೊಂಡು, ಆಗಲಿ, ಒಂದು ವರ್ಷ ತಾನೆ, ನಾಳೆಯಿಂದಲೇ ಅಭ್ಯಾಸ ಶುರುಮಾಡಿದರಾಯಿತು ಎಂದು ಧೈರ್ಯ ತಂದುಕೊಂಡರು. ಕೋಲುಗಳನ್ನು ಲಾರಿಗೆ ಹಾಕಿದ ಕೈಯಿಂದಲೇ ಕಣ್ಣೊರೆಸಿಕೊಂಡದ್ದರಿಂದ ಮುಖವೆಲ್ಲ ಕಪ್ಪಾಯಿತು.

ಅಡಿಗೆಯವನು ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತ. "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಮಸಿ ಹೋಗೋ ಹಾಗೆ ಸ್ನಾನ ಮಾಡಿ. ನಿಮಗೋಸ್ಕರಾನೇ ಎರಡು ಬಕೆಟ್ ಬಿಸಿನೀರು ಕಾಯಿಸಿಟ್ಟಿದ್ದೀನಿ."

ಮೇಷ್ಟ್ರ ಮನಸ್ಸು ಕರಗಿತು. ಈ ಜಗತ್ತಿನಲ್ಲಿ ತನ್ನವರೆಂದು ಒಬ್ಬರಾದರೂ ಇದ್ದಾರಲ್ಲ ಎಂದುಕೊಂಡು ಟವೆಲು ಹೆಗಲಿಗೆ ಹಾಕಿಕೊಂಡರು. ನಾಲ್ಕು ಹೆಜ್ಜೆ ನಡೆದವರು ಗಕ್ಕನೆ ನಿಂತರು.

"ಅಣ್ಣಾ, ಕಟ್ಟಿಗೆ ಎಲ್ಲಿತ್ತು?"

"ಮ್ಯಾಚು ಇಲ್ಲ ಅಂದ್ರಲ್ಲ," ಎಂದ ಅಡಿಗೆಯವನು ಸಂಕೋಚದಿಂದ, "ಆ ಗೋಲ್ ಕಂಬ ಸುಮ್ನೆ ನಿಂತಿತ್ತು."