ಅಬ್ಬಲಿಗೆಗೆ ಸಂಬಂಧ ನೋಡಿದ್ದು

ನನ್ನ ಸೋದರಮಾವನಷ್ಟು ಸೋಮಾರಿ ತೋಟಗಾರ ಇಡೀ ಅಂಕೋಲಾ ತಾಲೂಕಿನಲ್ಲಿಲ್ಲ. ಸೋಮಾರಿತನಕ್ಕಾಗಿ ಅವನಷ್ಟು ದುಡಿದವನೂ ಇಲ್ಲ! ಶೆಟಗೇರಿಯ ಮನೆಯ ಬಚ್ಚಲ ಪಕ್ಕ ಆರಡಿ ಉದ್ದದ ಒಂದು ಹೂವಿನ ಮಡಿ ಮಾಡಲು ಎರಡು ವರ್ಷ ಒದ್ದಾಡಿದ. ಷರತ್ತು ಎರಡೇ. ಅತ್ತೆಯ ಜಡೆಗೆ ವರ್ಷವಿಡೀ ಹೂವು ಸಿಗಬೇಕು, ಗಿಡಗಳಿಗೆ ಯಾರ ಆರೈಕೆಯೂ ಬೇಕಾಗಬಾರದು.

"ಇವ್ಳ ಮಂಡಿ ಕೊಡಪಾನ ಹೊರೂಕೆ ಒಪ್ಪೂದಿಲ್ಲ" ಎನ್ನುತ್ತಿದ್ದ.

"ನೀ ನೀರು ಹಾಕೂಕೆ ಎಂತಾಗ್ತದೆ ಮಾವಾ?"

"ನನ್ನ ಬಿಟ್ಟು ಹೇಳು ತಮಾ!"

ಮಾಸ್ತರಿಕೆಯ ಜೊತೆಗೆ ಊರ ಹುಡುಗ–ಹುಡುಗಿಯರ ಜಾತಕ ಕೂಡಿಸುವುದು ಅವನ ಜೀವಮಾನದ ಚಟ. ನಿವೃತ್ತನಾದ ಮೇಲೆ ಮನುಷ್ಯರು ಕೈಕೊಟ್ಟರು, ಈಗಿನವರು ತಾವೇ ನೋಡಿಕೊಳ್ಳುತ್ತಾರಲ್ಲ! ಹಾಗಾಗಿ ಗಿಡಗಳ ಸರದಿ ಬಂತು. ಅತ್ತೆಗೆ ಇಷ್ಟವಾದ ಅಬ್ಬಲಿಗೆಯೇ, ಅಂದರೆ ಕನಕಾಂಬರವೇ, ಮದುಮಗಳು. ಅದರ ಜೊತೆ ಬಾಳುವವರು ಬೇಕು. ಅಂಕೋಲೆಯ ನರ್ಸರಿಗೆ ಹೋಗಿ ದಾಸವಾಳದ ಎದುರು ಕೂತ.

"ಇದ್ರ ಸ್ವಭಾವ ಹ್ಯಾಂಗೆ? ನೀರು ಜಾಸ್ತಿ ಕುಡೀತದಾ? ಪಕ್ಕದವ್ರ ಜಾಗಕ್ಕೆ ಕೈ ಹಾಕ್ತದಾ?"

ನರ್ಸರಿಯವ ಕೈಮುಗಿದ. "ಅಲ್ರಾ ಮಾಸ್ತರೇ, ಗಿಡ ಒಯ್ತೀರಾ, ಇಲ್ಲಾ ಮಗಳನ್ನ ಕೊಡ್ತೀರಾ?"

ದಾಸವಾಳ ಮನೆಗೆ ಬಂತು. ವರ್ಷದೊಳಗೆ ಕಿಟಕಿ ಮುಚ್ಚಿತು, ಅದರ ನೆರಳಿಗೆ ಅಬ್ಬಲಿಗೆ ಹೂ ಬಿಡುವುದನ್ನೇ ಮರೆಯಿತು. "ನೋಡೂಕೆ ಚೆಂದ ಇತ್ತು. ಬಂದ್ಮೇಲೆ ಯಜಮಾನ್ಕಿ ಶುರು!" ಎಂದು ಮಾವ ಅದನ್ನು ಕಿತ್ತು ಬಾವಿಯಾಚೆ ನೆಟ್ಟ.

ಆಮೇಲೆ ಕಾರವಾರದ ಷಡ್ಡಕ ಮೊಬೈಲಿನಲ್ಲಿ ನೋಡಿ ಲ್ಯಾವೆಂಡರ್ ತರಿಸಿಕೊಟ್ಟ. ಆರೈಕೆಯೇ ಬೇಡವಂತೆ! ಯಾವುದೋ ಒಣ ದೇಶದ ಗಿಡ, ನಮ್ಮ ಜೂನ್ ಮಳೆ ಅದರ ಜಾತಕದಲ್ಲಿ ಬರೆದಿತ್ತೇ? ಎರಡನೇ ವಾರಕ್ಕೆ ಕೊಳೆಯಿತು. ಮಾವ ಮಾತ್ರ ಷಡ್ಡಕನ ಪರ. "ಅಂವ ಸುಳ್ಳು ಹೇಳ್ಲಿಲ್ಲ. ಸತ್ತವ್ರಿಗೆ ಎಂತಾ ಆರೈಕೆ?"

ಕೊನೆಗೆ ಗೆದ್ದವರು ಬೇಲಿ ಬದಿಯ ಬಡವರು, ಗೋರಟೆ ಮತ್ತು ನಿತ್ಯಪುಷ್ಪ. ಅಬ್ಬಲಿಗೆಗೆ ನೆರಳಾಗದಷ್ಟು ಗಿಡ್ಡ, ಅದರಷ್ಟೇ ಬಿಸಿಲಿಗೆ ಒಗ್ಗುವವು. ಬುಡಕ್ಕೆ ಒಣ ಎಲೆ ಹಾಸಿ, ಬಚ್ಚಲ ನೀರು ತಾನಾಗಿ ಹರಿದು ಬರುವಂತೆ ಒಂದು ಸಣ್ಣ ಕಾಲುವೆ ತೋಡಿದ. ಈ ಬೇಸಿಗೆಯಲ್ಲಿ ಬೇಕೆಂದೇ ಒಂದು ತಿಂಗಳು ಮಡಿಯ ಕಡೆ ತಿರುಗಿಯೂ ನೋಡಲಿಲ್ಲ. ಅಬ್ಬಲಿಗೆ ಹೂವು ಬಿಡುತ್ತಲೇ ಇತ್ತು.

ನಾನು ನಕ್ಕೆ. "ಇಷ್ಟೆಲ್ಲ ಎಂತಕ್ಕೆ ಮಾವಾ? ದಿನಾ ಪೇಟೆಯಿಂದ ಒಂದು ಮೊಳ ತಂದ್ರೆ ಆಗೂದಿಲ್ವಾ?"

ಅವನು ನಗಲಿಲ್ಲ. "ನಾ ಇರೂತನಕ ತರ್ತೆ ತಮಾ. ನಾ ಹೋದ್ಮೇಲೆ ಇವ್ಳು ಪೇಟೇಲಿ ನಿಂತು ಹೂವು ಕೇಳೂದುಂಟಾ? ಕೊಡೂವ್ಳೂ ಹಣೆ ನೋಡ್ತಾಳೆ. ಅಂಗಳದ ಹೂವು ಮುಡೀಲಿಕ್ಕೆ ಯಾರನ್ನ ಕೇಳ್ಬೇಕು?"

ಎರಡು ವರ್ಷ ಈ ಮನುಷ್ಯನನ್ನು ಆಡಿಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಎಲ್ಲ ಕೇಳಿಸಿತ್ತು. ಮಂಡಿ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲಿಳಿದು, ಅವನಿಗೆ ಬೆನ್ನು ಹಾಕಿ ಕೂತಳು.

"ಮಾತು ಸಾಕು. ಇವತ್ತಿಂದು ಮುಡ್ಸಿ ಮೊದ್ಲು."